ಬೊಲೋನಿಯಾ ದಡದ ದೋಣಿಗಳ್ಳ

"ಕಳ್ಳ!"

ಗಾಳಿ ಆ ಮಾತನ್ನು ಅರ್ಧದಲ್ಲೇ ಕಿತ್ತುಕೊಂಡು ಹೋಯಿತು. ನಿಯೆವೆಸ್ ಇನ್ನಷ್ಟು ಹತ್ತಿರ ನುಗ್ಗಿ, ಗಂಟಲು ಹರಿಯುವಂತೆ ಕೂಗಿದಳು.

"ಲೇ, ನಿನಗೇ ಹೇಳಿದ್ದು! ದೋಣಿಗಳ್ಳ!"

ಬೆಳಗಿನಿಂದ ಲೆವಾಂತೆ ಬೀಸುತ್ತಿತ್ತು. ಆ ಮೂಡಣ ಗಾಳಿಗೆ ಬೊಲೋನಿಯಾದ ಮರಳೆಲ್ಲ ಎದ್ದು ಮುಖಕ್ಕೆ ಚುಚ್ಚುತ್ತಿತ್ತು. ಕವುಚಿ ಹಾಕಿದ್ದ ದೋಣಿಯ ಮೇಲೆ ಬಾಗಿದ್ದ ಗಂಡಸು ನಿಧಾನವಾಗಿ ತಲೆ ಎತ್ತಿದ. ಕೈಯಲ್ಲಿ ಉಳಿ. ಕಿತ್ತು ಹಾಕಿದ ಹಲಗೆಗಳು ಕಾಲಬುಡದಲ್ಲಿ.

ಅಪ್ಪನ ದೋಣಿ! ಅಪ್ಪ ಹೆನಾರೋ ತನ್ನ ಕೈಯಾರೆ ಎಳೆದ ಹಸಿರು ಪಟ್ಟಿ ಇನ್ನೂ ಅಲ್ಲೇ ಇತ್ತು.

ತನ್ನೂರಿನ ಮರಳ ದಡದಿಂದ ದೋಣಿ ಮಾಯವಾದ ದಿನದಿಂದ ನಿಯೆವೆಸ್ ಹುಡುಕದ ದಡವಿಲ್ಲ. ಹಳೇ ವ್ಯಾನು ಹತ್ತಿ ಕೋನಿಲ್‌ಗೆ ಹೋದಳು, ಬಾರ್ಬಾತೆಗೆ ಹೋದಳು. ಬಲೆ ಹೆಣೆಯುವವರನ್ನೆಲ್ಲ ಕೇಳಿದಳು. ಕೊನೆಗೆ ತರೀಫಾದ ಮೀನು ಹರಾಜಿನಲ್ಲಿ ಒಬ್ಬ ಮುದುಕ, "ಬೊಲೋನಿಯಾದ ಬಡಗಿ ಫೆರ್ಮಿನ್ ಹತ್ತಿರ ನೋಡಮ್ಮ" ಎಂದಿದ್ದ.

"ಯಾರು ಕೊಟ್ಟರು ನಿನಗೆ ಇದನ್ನ?"

ಫೆರ್ಮಿನ್ ಉಳಿಯನ್ನು ಒರೆಸಿದ. "ಹೇಳೋಕಾಗಲ್ಲ."

"ಕದ್ದೆ ಅಂತ ಒಪ್ಕೋ ಹಾಗಾದ್ರೆ!"

"ಕದ್ದಿಲ್ಲ. ಹೇಳೋಕೂ ಆಗಲ್ಲ."

"ನಮ್ಮಪ್ಪ ಸತ್ತು ಇನ್ನೂ ವರ್ಷ ತುಂಬಿಲ್ಲ ಕಣೋ! ನಾಚಿಕೆ ಆಗಲ್ವಾ ನಿನಗೆ?"

ಅವನ ಮುಖ ಒಂದು ಕ್ಷಣ ಬಾಡಿತು. ಮತ್ತೆ ದೋಣಿಯ ಮೇಲೆ ಬಾಗಿದ.

'ಎಂಥಾ ಕಲ್ಲು ಇವನು!' ನಿಯೆವೆಸ್ ಹಲ್ಲು ಕಡಿಯುತ್ತಾ ದೋಣಿಯ ಮೇಲೇ ಹತ್ತಿ ಕೂತಳು. "ಸರಿ. ನಾನಿಲ್ಲಿಂದ ಏಳಲ್ಲ. ಅದು ಹೇಗೆ ಒಡೀತೀಯೋ ನೋಡ್ತೀನಿ."

"ಒಡೀತಿಲ್ಲ..." ಎಂದವನು ಅಷ್ಟಕ್ಕೇ ತಡೆದುಕೊಂಡ.

ಅವತ್ತು ಅವಳು ಸಂಜೆವರೆಗೂ ಏಳಲಿಲ್ಲ. ಮರುದಿನ ಮತ್ತೆ ಬಂದಳು, ಅದರ ಮರುದಿನವೂ. ಮೀನು ಕರಿಯುವ ತನ್ನ ಅಂಗಡಿಗೆ ಬೀಗ ಹಾಕಿ ಬಂದು ಕೂತು ಬೈಯುತ್ತಿದ್ದಳು. ಅವನು ಬೈಸಿಕೊಳ್ಳುತ್ತಾ ಕೊಳೆತ ಹಲಗೆ ತೆಗೆದು ಹೊಸದನ್ನು ಕೂರಿಸುತ್ತಿದ್ದ. ಮಧ್ಯಾಹ್ನ ಸುಟ್ಟ ಮತ್ತಿಮೀನು, ಬ್ರೆಡ್ಡು ತಂದು ಅವಳ ಪಕ್ಕ ಇಟ್ಟು, ತಾನು ಗಾಳಿ ಬರುವ ಕಡೆಗೆ ಕೂರುತ್ತಿದ್ದ. ಮರಳೆಲ್ಲ ಅವನ ಬೆನ್ನಿಗೆ...

"ನಿನ್ನ ಮೀನು ಯಾರಿಗೆ ಬೇಕು? ಉಪ್ಪೇ ಇಲ್ಲ!"

"ಮುಗಿಸಿಬಿಟ್ಟೆಯಲ್ಲ."

"ಹಸಿವಾಗಿತ್ತು, ತಿಂದೆ! ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

ಮನೆಗೆ ಮರಳುವ ದಾರಿಯಲ್ಲಿ ಅವಳಿಗೆ ತನ್ನ ಮೇಲೇ ಸಿಟ್ಟು. 'ಬೆಳಗಾದರೆ ಸಾಕು ಅಂತ ಕಾಯ್ತೀನಲ್ಲ... ದೋಣಿ ನೋಡೋಕಾ? ಆ ಕಳ್ಳನ್ನಾ? ಥೂ!'

ಆ ಸಿಟ್ಟಿನಲ್ಲೇ ಒಂದು ಬೆಳಿಗ್ಗೆ ಅಮ್ಮ ಎನ್ಕಾರ್ನಾಳ ಎದುರು ಎಲ್ಲ ಹೇಳಿಬಿಟ್ಟಳು. "ಕಳ್ಳ ಸಿಕ್ಕಿದ್ದಾನೆ ಅಮ್ಮ. ಇವತ್ತು ಪೊಲೀಸರಿಗೆ ದೂರು ಕೊಡ್ತೀನಿ."

ಎನ್ಕಾರ್ನಾಳ ಕೈಯಿಂದ ಮೀನಿನ ಚೂರಿ ಜಾರಿತು.

"ಬೇಡ ಮಗಳೇ... ಅವನು ಕಳ್ಳ ಅಲ್ಲ. ಅವನನ್ನ ಕರೆಸಿ ದೋಣಿ ಕೊಟ್ಟಿದ್ದು ನಾನು. ಕಡಿದು ಸೌದೆ ಮಾಡು, ಮಗಳಿಗೆ ಮಾತ್ರ ಹೇಳಬೇಡ ಅಂತ ಕೈಮುಗಿದಿದ್ದೆ."

"ಅಮ್ಮಾ! ಅಪ್ಪನ ದೋಣೀನಾ?"

"ಅದೇ ದೋಣಿ ನಿಮ್ಮಪ್ಪನ್ನ ಸಮುದ್ರಕ್ಕೆ ಮಗುಚಿ ಹಾಕಿದ್ದು! ಈಗ ನೀನೂ ಅದೇ ದೋಣೀಲಿ ಬಲೆ ತಗೊಂಡು ಹೊರಡ್ತೀನಿ ಅಂತೀಯ. ಲೆವಾಂತೆ ಎದ್ದಾಗೆಲ್ಲ ದಡದಲ್ಲಿ ಒಬ್ಬಳೇ ನಿಂತು ನಿಂತು ನನ್ನ ಜೀವ ಸವೆದಿದೆ. ಇನ್ನೊಂದು ಸಲ ನನ್ನಿಂದಾಗಲ್ಲ ಕಣೇ!"

ನಿಯೆವೆಸ್‌ ಅಮ್ಮನ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದಳು. ಆಗಲಿಲ್ಲ. ಆ ಮುದಿ ಕೈಗಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ವ್ಯಾನಿಗೆ ಓಡಿದಳು.

ಬೊಲೋನಿಯಾದಲ್ಲಿ ದೋಣಿ ನೆಟ್ಟಗೆ ನಿಂತಿತ್ತು. ಫೆರ್ಮಿನ್ ಕೊನೆಯ ಬಣ್ಣ ಬಳಿಯುತ್ತಿದ್ದ. ಅವಳು ಕುಂಚ ಕಿತ್ತು ಎಸೆದಳು!

"ಅಮ್ಮ ಎಲ್ಲ ಹೇಳಿದಳು! ಇಷ್ಟು ದಿನ ನನಗೆ ಸುಳ್ಳು ಹೇಳಿದೆಯಲ್ಲ!"

"ಸುಳ್ಳು ಹೇಳಲಿಲ್ಲ ನಿಯೆವೆಸ್. ಬೈಸಿಕೊಂಡೆ, ಅಷ್ಟೇ."

"ಅಮ್ಮನಿಗೆ ಕೊಟ್ಟ ಮಾತನ್ನಾದ್ರೂ ಉಳಿಸಿಕೊಂಡೆಯಾ? ಯಾಕೆ ಕಡೀಲಿಲ್ಲ?"

"ಕಡಿಯೋಕೇ ಕೊಡಲಿ ಎತ್ತಿದ್ದೆ." ಅವನ ದನಿಯಲ್ಲೂ ಈಗ ಸಿಟ್ಟಿತ್ತು. "ಮೂತಿ ಹಲಗೆ ಕೊಳೆತಿತ್ತು, ಒಳಗಿನ ಮರ ಗಟ್ಟಿಯಾಗಿತ್ತು. ಮನಸ್ಸು ಬರಲಿಲ್ಲ. ಆಮೇಲೆ ನೀನು ಬಂದೆ. ದಿನಾ ಬಂದು ಬೈದೆ. ಕೆಲಸ ಮುಗಿದ್ರೆ ನೀನು ಬರಲ್ಲ ಅಂತ... ಒಂದು ದಿನದ ಕೆಲಸಾನ ಮೂರು ದಿನ ಎಳೆದೆ! ಸಾಕಾ? ಬೈಯಿ ಇನ್ನು!"

ಅವಳು ಸಿಟ್ಟಿನಲ್ಲೇ ಅವನ ಎದೆಗೊಂದು ಗುದ್ದಿದಳು. ಗುದ್ದಿದ ಕೈ ಅಲ್ಲೇ ಉಳಿಯಿತು...

"ನಾನು ಸಮುದ್ರಕ್ಕೆ ಹೋಗೇ ಹೋಗ್ತೀನಿ, ಫೆರ್ಮಿನ್. ಯಾರು ಬೇಡ ಅಂದ್ರೂ."

"ಗೊತ್ತು. ಅದಕ್ಕೇ ಗಟ್ಟಿಯಾಗಿ ಕಟ್ಟಿದೀನಿ."

"ನೀನೂ ಬರ್ತೀಯಾ?"

ಅವನು ತಲೆ ತಗ್ಗಿಸಿದ. "ನಾನಾ? ದೋಣಿ ಹತ್ತಿದ್ರೆ ವಾಂತಿ ನನಗೆ."

ಅಪ್ಪ ಹೋದಮೇಲೆ ಮೊದಲ ಸಲ ನಿಯೆವೆಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ತುಂಬಿತು.

"ಮತ್ತೆ ನನ್ನ ಕಟ್ಟಿಕೊಂಡು ಏನು ಮಾಡ್ತೀಯೋ?"

ಫೆರ್ಮಿನ್ ಅವಳ ಕೆನ್ನೆಗಂಟಿದ್ದ ಮರಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

"ನೀನು ಬರೋವರೆಗೂ ದಡದಲ್ಲಿ ನಿಂತಿರ್ತೀನಿ. ನಿಮ್ಮಮ್ಮನ ಕೈ ಹಿಡ್ಕೊಂಡು."