ಅಜ್ಜನ ಗಡಿಯಾರದ ಮುಖ

ಭೀಮಶ್ಯಾ ಆ ಗಡಿಯಾರ ಕಟ್ಟಿಕೊಂಡೇ ಎಮ್ಮೆಯ ಮೈ ತೊಳೆಯುತ್ತಿದ್ದ, ಕಟ್ಟಿಕೊಂಡೇ ಉಣ್ಣುತ್ತಿದ್ದ. ಪಟ್ಟಿಯ ಕೆಳಗೆ ಕರೆಗಟ್ಟಿದ ಬೆವರನ್ನು ಉಗುರಿನಿಂದ ಕೆರೆದು ಅಂಗಿಗೆ ಒರೆಸುತ್ತಿದ್ದ. ನೋಡಿದಾಗಲೆಲ್ಲ ಗುರುನಾಥನಿಗೆ ಹೇಸಿಗೆ. ಪಲ್ಟಣಿನಲ್ಲಿದ್ದ ಅಜ್ಜ ಯುದ್ಧ ಮುಗಿಸಿ ಬರುವಾಗ ತಂದ ಗಡಿಯಾರ ಅದು. ಡಯಲ್, ಮುಳ್ಳು, ಚಾವಿ ಎಲ್ಲವೂ ಅಸಲಿ. ಅಂಥದ್ದು ಇಂಡಿ ಊರಿನ ನಿಂಬೆ ತೋಟದ ಈ ಒರಟನ ಕೈಗೆ ಹೋಗಿತ್ತು, ದೊಡ್ಡಪ್ಪನ ಮಗ ಎಂಬ ಒಂದೇ ಕಾರಣಕ್ಕೆ.

ಸಿಂದಗಿಯಲ್ಲಿ ನೀರಾವರಿ ಇಂಜಿನಿಯರ್ ಆಗಿದ್ದ ಗುರುನಾಥನ ಬಳಿಯೂ ಅದೇ ಮಾದರಿಯದೊಂದಿತ್ತು, ಆಸೆಪಟ್ಟು ಮುಂಬೈಯಿಂದ ತರಿಸಿದ್ದು. ಸೊಲ್ಲಾಪುರದಲ್ಲಿ ಹಳೆಯ ಗಡಿಯಾರದ ಹುಚ್ಚಿನವರು ಕೂಡಿದಾಗ ಒಬ್ಬ ಅದನ್ನು ಭೂತಗನ್ನಡಿಯಡಿ ಹಿಡಿದು, "ಯಂತ್ರ ಖರೇ ಐತ್ರಿ. ಡಯಲ್, ಮುಳ್ಳು ಮೊನ್ನಿ ಮೊನ್ನಿ ಮಾಡಿದ್ದು," ಎಂದು ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಅಂದಿನಿಂದ ಅದು ಕಪಾಟಿನಲ್ಲೇ ಬಿದ್ದಿತ್ತು.

ಕದಿಯುವುದೇ ಬೇಡ, ಎರಡರ ಡಯಲ್, ಮುಳ್ಳು ಅದಲು ಬದಲು ಮಾಡಿದರೆ ಸಾಕು. ಹೊರಗಿನ ಕವಚ ಅದೇ, ಹಿಂಬದಿಯಲ್ಲಿ ಕೊರೆದ ಅಜ್ಜನ ಪಲ್ಟಣಿನ ನಂಬರೂ ಅದೇ. ಮುಖ ಮಾತ್ರ ಬೇರೆ.

"ಅಣ್ಣಾ, ಒಳಗ ಧೂಳ ಕುಂತೈತಿ. ಸ್ವಚ್ಛ ಮಾಡಿ, ಎಣ್ಣಿ ಹಾಕಿ ಕೊಡ್ತೇನಿ."

"ಅದಕ್ಕೂ ಕೇಳಬೇಕೇನೋ ತಮ್ಮಾ? ಒಯ್ಯಿ," ಎಂದು ಭೀಮಶ್ಯಾ ಅಲ್ಲೇ ಬಿಚ್ಚಿಕೊಟ್ಟ.

ಗುರುನಾಥ ಕೈಗವಸು ಹಾಕಿಕೊಂಡು ಕುಳಿತ. ನಕಲಿ ಡಯಲಿಗೆ ಕಡುಚಹಾ ಬಳಿದು ಮಾಳಿಗೆಯ ಬಿಸಿಲಿಗಿಟ್ಟ. ಮುಳ್ಳುಗಳಿಗೆ ತುಸು ತುಕ್ಕು ಹಿಡಿಸಿದ. ಅಸಲಿಯ ಮೇಲಿದ್ದ ಒಂದೊಂದು ಕಲೆಯನ್ನೂ ಸೂಜಿಮೊನೆಯಿಂದ ನಕಲಿಗೆ ಇಳಿಸಿದ. ಗೀರುಬಿದ್ದ ಹಳೆಯ ಗಾಜನ್ನೇ ಮೇಲೆ ಕೂರಿಸಿದ. ಪಟ್ಟಿಯ ಕೊಳೆಯನ್ನೂ, ಮೂಗು ಮುಚ್ಚಿಕೊಂಡು, ಹಾಗೇ ಉಳಿಸಿದ. ಬಿಸಿಲಲ್ಲಿ ನೋಡಿದ, ದೀಪದಡಿ ನೋಡಿದ. ತನಗೇ ಫರಕು ತಿಳಿಯಲಿಲ್ಲ. ಅಜ್ಜನ ಅಸಲಿ ಮುಖ ಈಗ ಅವನ ಗಡಿಯಾರದಲ್ಲಿತ್ತು. ಅದನ್ನೇ ಕಟ್ಟಿಕೊಂಡು ಇಂಡಿಗೆ ಹೋದ. ಆ ಒರಟನಿಗೇನು ತಿಳಿದೀತು?

ಮಟಮಟ ಮಧ್ಯಾಹ್ನ. ಅಂಗಳದಲ್ಲೇ ಭೀಮಶ್ಯಾ ಗಡಿಯಾರ ಕಟ್ಟಿಕೊಂಡು ಕಿವಿಗೆ ಹಿಡಿದು ಹಿಗ್ಗಿದ. ಅವನ ತಾಯಿ ದುರ್ಗವ್ವ, "ಇಷ್ಟು ಮಾಡೀದಿ, ಬರೇ ಕೈಲೆ ಹೋಗಬ್ಯಾಡ. ಒಳಕೋಣ್ಯಾಗಿಂದ ಒಂದು ಚೀಲ ಜ್ವಾಳ ಒಯ್ಯಿ ಮಗಾ," ಎಂದಳು.

ಒಳಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಅಣ್ಣತಮ್ಮಂದಿರು ಚೀಲದ ಎರಡೂ ತುದಿಗೆ ಕೈ ಹಾಕಿದರು. ಕಗ್ಗತ್ತಲಲ್ಲಿ ಭೀಮಶ್ಯಾನ ಮುಂಗೈಯ ಮೇಲೆ ಮುಳ್ಳು, ಅಂಕಿಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ನಕಲಿ ಮುಖದ ಮೇಲಿನ, ಕತ್ತಲಲ್ಲಿ ಹೊಳೆಯುವ ಹೊಸ ಬಣ್ಣ ಅಂಗಳದ ಬಿಸಿಲನ್ನು ಕುಡಿದು ಬಂದಿತ್ತು. ಗುರುನಾಥ ಅದನ್ನು ಒಮ್ಮೆಯೂ ಕತ್ತಲಲ್ಲಿ ನೋಡಿರಲಿಲ್ಲ. ಭೀಮಶ್ಯಾ ಚೀಲ ಬಿಟ್ಟ. "ನಾವು ಹುಟ್ಟೂ ಮೊದಲನ ಇದರ ಬೆಳಕು ಸತ್ತಿತ್ತು ಅಂತ ಅಜ್ಜ ಹೇಳ್ತಿದ್ದ," ಎಂದವನು ಕತ್ತಲಲ್ಲೇ ತಡವರಿಸಿ ತಮ್ಮನ ಮುಂಗೈ ಹಿಡಿದ. ಅಲ್ಲಿದ್ದ ಗಡಿಯಾರದಲ್ಲಿ ಒಂದು ಚುಕ್ಕೆಯೂ ಹೊಳೆಯುತ್ತಿರಲಿಲ್ಲ. "ಥೂ! ಬಿಚ್ಚೋ ಅದನ್ನ."