ಬೆನ್ನ ಹಿಂದಿನ ಸೇತುವೆ

"ನಿಲ್ಲಿಸಿ! ರೀ... ಸೈಕಲ್ ನಿಲ್ಲಿಸಿ ಅಂದೆ!"

ಆ ಕೂಗು ಅವಳಿಗೆ ಕೇಳಿಸಿತ್ತು. ಆದರೆ ಅದಕ್ಕಿಂತ ಜೋರಾಗಿ ಬೆನ್ನ ಹಿಂದೆ ಇಟ್ಟಿಗೆ ಲಾರಿಯ ಹಾರ್ನ್ ಕೇಳಿಸಿತ್ತು. ಆಮೇಲೆ ಏನೂ ಕೇಳಿಸಲಿಲ್ಲ.

ಕಾಲುವೆಯ ಮೇಲಿನ ಮರದ ಸೇತುವೆ ದೋಣಿಗೆ ದಾರಿ ಬಿಡಲು ಆಗಲೇ ಮೇಲೇಳತೊಡಗಿತ್ತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಅವಳೂ ಸೈಕಲ್ಲೂ ಒಟ್ಟಿಗೆ ನೀರಿಗೆ! ಅಷ್ಟರಲ್ಲಿ ಯಾರೋ ಓಡಿಬಂದು ಹಿಂದಿನ ಕ್ಯಾರಿಯರ್ ಹಿಡಿದು ಎಳೆದರು.

"ಕಿವಿ ಕೇಳ್ಸಲ್ವಾ ನಿಮಗೆ? ಗಂಟೆ ಹೊಡೀತಾನೇ ಇದೀನಿ!"

ಎದುರಿಗೆ ನಿಂತಿದ್ದವನು ಸೇತುವೆ ಎತ್ತಿ ಇಳಿಸುವವನು. ತೋಳಿನವರೆಗೂ ಗ್ರೀಸು, ಮುಖದ ತುಂಬ ಸಿಟ್ಟು.

"ನನ್ನ ಸೈಕಲ್ ಬಿಡಿ!" ಎಂದಳು. ಆದರೆ ಬಿಡಬೇಕಾಗಿದ್ದವಳು ಅವಳೇ. ಅವಳ ಬೆರಳುಗಳು ಬ್ರೇಕನ್ನು ಹಿಡಿದವು ಹಿಡಿದ ಹಾಗೇ ಸೆಟೆದುಕೊಂಡಿದ್ದವು. ಬಿಚ್ಚಲು ನೋಡಿದರೂ ಬರಲೊಲ್ಲವು.

ಅವನು ಒಂದು ಗಳಿಗೆ ಆ ಕೈಗಳನ್ನೇ ನೋಡಿದ. ಲಾರಿಯ ಕಡೆ ತಿರುಗಿ ಎಂಜಿನ್ ಆರಿಸುವಂತೆ ಸನ್ನೆ ಮಾಡಿದ. ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಬ್ರೇಕಿನಿಂದ ಬಿಡಿಸಿದ. ಅಷ್ಟು ಒರಟಾದ ಕೈ, ಅಷ್ಟೊಂದು ಮೆಲ್ಲಗೆ...

"ಏನಾಗಿತ್ತು?"

"ಹೋದ ವರ್ಷ... ಹಿಂದಿನಿಂದ ಗಾಡಿ ಗುದ್ದಿತ್ತು. ಮಂಡಿ ಮುರೀತು. ಸೈಕಲ್ ತುಳಿದ್ರೇನೇ ಮಂಡಿ ಸರಿಹೋಗೋದು ಅಂತಾರೆ ಡಾಕ್ಟರು. ಆದ್ರೆ ಹಿಂದೆ ಎಂಜಿನ್ ಸದ್ದು ಕೇಳಿದ್ರೆ ಸಾಕು..." ಈ ಸಿಡುಕನಿಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು.

"ನಾಳೆಯಿಂದ ಸ್ವಲ್ಪ ಬೇಗ ಬನ್ನಿ," ಎಂದ ಅವನು ಬೇರೆಲ್ಲೋ ನೋಡುತ್ತ. "ಆ ಹೊತ್ತಿಗೆ ಇಲ್ಲಿ ಲಾರಿ ಇರಲ್ಲ."

ಅಷ್ಟೇ. ಒಂದು ಕ್ಷಮೆ ಇಲ್ಲ, ಸಮಾಧಾನ ಇಲ್ಲ!

ಆದರೂ ಅವಳು ಮರುದಿನ ಬೇಗ ಹೊರಟಳು. ಪೇಟೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ದೊಡ್ಡ ರಸ್ತೆಯಲ್ಲಿ ಹೋಗಲು ಅವಳಿಗೆ ಧೈರ್ಯವಿಲ್ಲ. ಉಳಿದದ್ದು ಈ ಕಾಲುವೆ ದಾರಿಯೊಂದೇ.

ಸೇತುವೆ ದಾಟಿದಳು. ಮುಂದೆ ಗದ್ದೆಗಳ ನಡುವೆ ನೆಟ್ಟಗೆ ಮಲಗಿದ ರಸ್ತೆ, ಪಕ್ಕದಲ್ಲೇ ತಣ್ಣಗೆ ಹರಿಯುವ ನೀರು. ಕೊಕ್ಕರೆಯೊಂದು ಒಂಟಿ ಕಾಲಲ್ಲಿ ನಿಂತು ಅವಳನ್ನು ನೋಡಿತು. ಹಿಂದೆ ಸದ್ದಿಲ್ಲ... ನಿಜಕ್ಕೂ ಒಂದೇ ಒಂದು ಗಾಡಿಯ ಸದ್ದಿಲ್ಲ!

ರಸ್ತೆಯ ತುದಿಯ ತಿರುವಿನಲ್ಲಿ ಸೈಕಲ್ ನಿಲ್ಲಿಸಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, "ಥ್ಯಾಂಕ್ಸ್ ಕಣೋ ರಸ್ತೆ," ಎಂದಳು. ಕಣ್ಣು ತುಂಬಿ ಬಂದಿತ್ತು.

ಅಂದಿನಿಂದ ಅದು ದಿನದ ಅಭ್ಯಾಸವಾಯಿತು. ರಸ್ತೆಗೆ ಥ್ಯಾಂಕ್ಸ್, ನೀರಿಗೆ ಥ್ಯಾಂಕ್ಸ್, ಕೊಕ್ಕರೆ ಸಿಕ್ಕಿದರೆ ಅದಕ್ಕೂ ಒಂದು.

ಕಿರಿಕಿರಿ ಇದ್ದದ್ದು ಒಂದೇ. ಅವಳು ಸೇತುವೆ ದಾಟಿದ್ದೇ ತಡ, ಹಿಂದೆ ಸರಪಳಿ ಕಟಕಟ ಎನ್ನುತ್ತಿತ್ತು. ದೋಣಿಯ ಸುಳಿವೇ ಇಲ್ಲದಿದ್ದರೂ ಸೇತುವೆಯ ಹಲಗೆ ಎದ್ದು ಗೋಡೆಯಂತೆ ನಿಂತುಬಿಡುತ್ತಿತ್ತು. ದಿನವೂ ಹಾಗೇ!

"ಮನೆಗೆ ಬಂದವರು ಹೊಸ್ತಿಲು ದಾಟೋದೇ ತಡ, ಬೆನ್ನಿಗೇ ಬಾಗಿಲು ಹಾಕಿದ ಹಾಗೆ ಚಿಕ್ಕಮ್ಮ!"

ಅವಳನ್ನು ಸಾಕಿದ ಚಿಕ್ಕಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಎತ್ತಿ ಒಳಗೆ ಹೋಗ್ತಾನಾ?"

"ಇಲ್ಲ, ನಾನು ತಿರುವು ದಾಟೋವರೆಗೂ ಸೇತುವೆ ಪಕ್ಕದ ತನ್ನ ಕೋಣೆ ಕಿಟಕೀಲೇ ನಿಂತಿರ್ತಾನೆ."

"ನೀನು ಮುಂದೆ ನೋಡಿ ಸೈಕಲ್ ತುಳೀತೀಯೋ, ಹಿಂದೆ ನೋಡಿಯೋ?"

ಅವಳ ಮುಖ ಕೆಂಪಾಯಿತು. ಚಿಕ್ಕಮ್ಮ ಹಲ್ಲಿನಲ್ಲಿ ದಾರ ಕಡಿಯುತ್ತ ನಕ್ಕಳು.

ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಕೈಯಲ್ಲಿ ಅವನ ಅಮ್ಮನ ಕನ್ನಡಕ, ಅದರ ಎರಡು ಕಡ್ಡಿಗೂ ದಾರ ಸುತ್ತಿತ್ತು. ಅವಳು ತಿರುಪು ಬಿಗಿಮಾಡಿ, ಗಾಜು ಒರೆಸಿ ಕೊಟ್ಟಳು. ಅವನು ಹೊರಟವನು ಬಾಗಿಲಲ್ಲಿ ನಿಂತ.

"ಮಂಡಿ ನೋವು... ಕಮ್ಮಿ ಆಯ್ತಾ?"

ಅವಳ ಕೈಯಲ್ಲಿದ್ದ ಪುಟ್ಟ ತಿರುಪು ಜಾರಿ ನೆಲಕ್ಕೆ ಬಿತ್ತು. "ಕಮ್ಮಿ... ತುಂಬಾನೇ ಕಮ್ಮಿ."

ಅವನು ನಕ್ಕ. ಅವನಿಗೆ ನಗುವೂ ಬರುತ್ತದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು! ಆ ರಾತ್ರಿ ಅವಳಿಗೆ ಅದೇ ನಗುವಿನ ಜಪ. ನಾಳೆ ಅವನು ಸೇತುವೆ ಎತ್ತುವುದಿಲ್ಲ, ಒಂದು ಮಾತಾದರೂ ಆಡುತ್ತಾನೆ...

ಮರುದಿನ ಅವಳು ದಾಟಿದಳು. ಕಟಕಟ. ಹಲಗೆ ಮೇಲೆ.

ಅಂದೇ ಇನ್ನೊಂದು ಎಡವಟ್ಟೂ ಆಯಿತು. ರಿಪೇರಿಗೆಂದು ಮನೆಗೆ ಒಯ್ದಿದ್ದ ಅಜ್ಜಿಯೊಬ್ಬರ ಕನ್ನಡಕವನ್ನು ಅಲ್ಲೇ ಮರೆತದ್ದು ತಿರುವು ಮುಟ್ಟುವ ಮೊದಲೇ ನೆನಪಾಗಿ ಅವಳು ವಾಪಸು ಬಂದಳು. ಸೇತುವೆ ಇನ್ನೂ ಮೇಲೇ ಇತ್ತು.

"ಇಳಿಸಿ! ನಾನು ಮನೆಗೆ ಹೋಗ್ಬೇಕು!"

ನೀರಿನಾಚೆ ಕಿಟಕಿಯಿಂದ ಅವನು ಇಣುಕಿದ. ಒಮ್ಮೆ ತನ್ನ ಹಿಂದೆ ನೋಡಿದ. "ಐದು ನಿಮಿಷ ತಾಳಿ."

"ದೋಣಿ ಎಲ್ಲಿದೆ ರೀ? ಬರೀ ಬಾತುಕೋಳಿ ಇದಾವೆ!" ಅಷ್ಟು ದಿನದ ಅಸಮಾಧಾನವೆಲ್ಲ ಒಟ್ಟಿಗೆ ಬಾಯಿಗೆ ಬಂತು. "ನಾನೇನು ಮಾಡಿದೀನಿ ನಿಮಗೆ? ದಾಟಿದ ಕೂಡ್ಲೇ ಪೀಡೆ ತೊಲಗಿತು ಅನ್ನೋ ಹಾಗೆ ಎತ್ತಿಬಿಡ್ತೀರಲ್ಲ! ಇಷ್ಟ ಇಲ್ಲದಿದ್ರೆ ಇಲ್ಲ ಅನ್ನಿ. ನಾಳೆಯಿಂದ ನನ್ನ ಹಿಂದೆ ಎತ್ತಬೇಡಿ!"

ಅವನ ಮುಖದಲ್ಲಿ ಏನೋ ಬಂದು ಹೋಯಿತು.

"ಸರಿ. ಎತ್ತಲ್ಲ."

ಅವಳು ಕಣ್ಣೊರೆಸಿಕೊಂಡು, ಕನ್ನಡಕದ ಗೊಡವೆಯನ್ನೂ ಬಿಟ್ಟು, ಬಂದ ದಾರಿಗೇ ಸೈಕಲ್ ತಿರುಗಿಸಿದಳು.

ಮರುದಿನ ಅವಳು ಅವನತ್ತ ನೋಡದೆ ಸೇತುವೆ ದಾಟಿದಳು. ಸರಪಳಿ ಸದ್ದಾಗಲಿಲ್ಲ. ಗೆದ್ದೆ ಎಂದುಕೊಂಡಳು. ಆದರೆ ಗೆದ್ದವರ ಎದೆ ಹೀಗೆ ಭಾರವಾಗಿರುತ್ತದೆಯೇ?

ಸ್ವಲ್ಪ ದೂರ ಹೋಗಿರಬೇಕು...

ಗುರ್ ಗುರ್...

ಎಂಜಿನ್! ಬೆನ್ನ ಹಿಂದೆ! ಬೆರಳುಗಳು ಆಗಲೇ ಬ್ರೇಕಿಗೆ ಸೆಟೆದುಕೊಂಡಿದ್ದವು. ಒಂದು ಕಾಲು ನೆಲಕ್ಕೆ ಊರಿದಳು. ಕಣ್ಣು ಮುಚ್ಚಿದಳು. ಈಗ ಹಾರ್ನ್... ಈಗ ಗುದ್ದು...

ಏನೂ ಆಗಲಿಲ್ಲ. ಮೆಲ್ಲಗೆ ತಿರುಗಿ ನೋಡಿದಳು. ಇಟ್ಟಿಗೆ ತುಂಬಿದ ಲಾರಿ ಸಾಕಷ್ಟು ದೂರದಲ್ಲೇ ನಿಂತಿತ್ತು. ಅದರ ಹಿಂದೆ ಇನ್ನೊಂದು. ಡ್ರೈವರ್ ತಲೆ ಹೊರಗೆ ಹಾಕಿದ.

"ಹೆದರ್ಕೋಬೇಡಿ ಅಕ್ಕಾ! ನೀವು ನಿಮ್ಮ ಪಾಡಿಗೆ ಹೋಗಿ, ನಾವು ಹಿಂದೆ ನಿಧಾನಕ್ಕೆ ಬರ್ತೀವಿ. ಹಾರ್ನ್ ಮುಟ್ಟಿದ್ರೆ ಕೈ ಮುರೀತೀನಿ ಅಂದಿದಾರೆ ಸೇತುವೆಯವರು!"

"ಈ ಹೊತ್ತಿಗೆ... ಇಲ್ಲಿ ಲಾರಿ ಇರಲ್ಲ ಅಂತ..."

"ದಿನಾ ಇರ್ತೀವಲ್ಲ!" ಡ್ರೈವರ್ ನಕ್ಕುಬಿಟ್ಟ. "ನೀವು ತಿರುವು ದಾಟೋವರೆಗೂ ಸೇತುವೆ ಎತ್ತಿ ನಮ್ಮನ್ನ ಆಚೆಗೇ ನಿಲ್ಲಿಸ್ತಾರೆ. ಬೈತಾ ಇದ್ವಿ ಅಕ್ಕಾ. ಅವರೇ ಟೀ ಮಾಡಿ ಕೊಟ್ಟು ಬಾಯಿ ಮುಚ್ಚಿಸಿದ್ರು. ಇವತ್ತು ಏನಾಯ್ತೋ, ಎತ್ತಲಿಲ್ಲ. ಅವರ ಮುಖ ಮಾತ್ರ ನೋಡೋ ಹಾಗಿಲ್ಲ."

ಅವಳು ಸೇತುವೆಯತ್ತ ತಿರುಗಿ ನೋಡಿದಳು. ಗೋಡೆಯಂತೆ ನಿಂತ ಆ ಹಲಗೆ... ಅದು ತನ್ನ ಬೆನ್ನಿಗೆ ಹಾಕಿದ ಬಾಗಿಲಲ್ಲ. ತನ್ನ ಬೆನ್ನು ಕಾಯುತ್ತಿದ್ದ ಬಾಗಿಲು! ಇಷ್ಟು ದಿನ ಕೊಕ್ಕರೆಗೂ ಥ್ಯಾಂಕ್ಸ್ ಹೇಳಿದ್ದೇನೆ. ಅವನಿಗೆ ಮಾತ್ರ ಬೈದೆ...

ಉಸಿರು ಎಳೆದುಕೊಂಡಳು. ಸೈಕಲ್ಲನ್ನು ಅಂಚಿಗೆ ಸರಿಸಿ, ಒಂದು ಕೈಯನ್ನು ಬ್ರೇಕಿನಿಂದ ಬಲವಂತವಾಗಿ ಬಿಡಿಸಿ ಎತ್ತಿ ಬೀಸಿದಳು.

"ನೀವು ಮುಂದೆ ಹೋಗಿ ಅಣ್ಣಾ!"

ಲಾರಿಗಳು ಅವಳ ಪಕ್ಕದಲ್ಲೇ ನಿಧಾನವಾಗಿ ಹಾದುಹೋದವು. ನೆಲ ಅದುರಿತು. ಅವಳೂ ಅದುರಿದಳು. ಆದರೆ ನಿಂತೇ ಇದ್ದಳು. ಧೂಳು ಇಳಿದಾಗ ಬ್ರೇಕಿನ ಮೇಲಿದ್ದ ಇನ್ನೊಂದು ಕೈಯ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡಿದ್ದವು.

ಅಂದು ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಯಜಮಾನರಿಂದ ಬೈಸಿಕೊಂಡಳು. ಸಂಜೆ ಹೇಗೆ ತುಳಿದಳೋ, ಸೇತುವೆಯ ನಟ್ಟನಡುವೆ ಬಂದು ಸೈಕಲ್ ನಿಲ್ಲಿಸಿದಳು.

ಅವನು ಕೋಣೆಯಿಂದ ಹೊರಗೆ ಬಂದ. "ನೀವು... ಹುಷಾರಾಗಿ ಹೋದ್ರಾ ಬೆಳಿಗ್ಗೆ?" ದಿನವಿಡೀ ಅದೊಂದೇ ಪ್ರಶ್ನೆ ಇಟ್ಟುಕೊಂಡು ಕಾದಿದ್ದ ಮುಖ ಅದು.

"ಯಾಕೆ ಹೇಳ್ಲಿಲ್ಲ ನೀವು?"

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ತಲೆ ತಗ್ಗಿಸಿದ. "ದಿನಕ್ಕೊಂದ್ಸಲ ಸೇತುವೆ ಎತ್ತಿ ನೋಡ್ಬೇಕು ಅಂತ ರೂಲ್ಸ್ ಇದೆ. ಯಾವ ಹೊತ್ತಿಗೆ ಅಂತ ಇಲ್ಲ. ಅದನ್ನ ನಿಮ್ಮ ಹೊತ್ತಿಗೆ ಇಟ್ಕೊಂಡೆ, ಅಷ್ಟೇ."

"ಅಷ್ಟೇನಾ?"

"ದಾರಿ ಖಾಲಿ ಇದೆ ಅಂತ ನೀವು ನಂಬಿದ್ರಿ. ದಿನಾ ಸ್ವಲ್ಪ ಸ್ವಲ್ಪ ನೆಟ್ಟಗೆ ಕೂತ್ಕೊಂಡು ತುಳೀತಿದ್ರಿ. ಕಿಟಕಿಯಿಂದ ಕಾಣ್ತಿತ್ತು. ಹೇಳಿದ್ರೆ ಅದು ನಿಂತುಹೋಗುತ್ತೆ ಅಂತ ಭಯ ಆಯ್ತು."

"ಹಾಗಾದ್ರೆ ನನ್ನ ಧೈರ್ಯ ಎಲ್ಲ ನೀವು ಮಾಡಿದ್ದೇನಾ?"

"ಇವತ್ತು ಸೇತುವೆ ಎತ್ತಿಲ್ಲ. ಲಾರಿ ನಿಮ್ಮ ಪಕ್ಕದಲ್ಲೇ ಹೋಯ್ತು. ನಿಂತಿದ್ದು ಯಾರು?"

ಅವಳಿಗೆ ಅಳು ತಡೆಯಲಾಗಲಿಲ್ಲ. ಮಂಡಿ ಮುರಿದಾಗಲೂ ಹೀಗೆ ಅತ್ತಿರಲಿಲ್ಲ. ಆದರೆ ಈ ಅಳುವಿನಲ್ಲಿ ನೋವಿರಲಿಲ್ಲ.

"ಥ್ಯಾಂಕ್ಸ್," ಎಂದಳು. "ರಸ್ತೆಗೆ ಹೇಳಿದ್ದೆಲ್ಲ ನಿಮಗೆ ಸೇರ್ಬೇಕಾಗಿತ್ತು. ಎಷ್ಟು ಸಲ ಹೇಳಿದ್ರೂ ತೀರಲ್ಲ... ಅದಕ್ಕೆ ದಿನಾ ಹೇಳ್ತೀನಿ. ಹೇಳಿಸ್ಕೊಳ್ಳೋಕೆ ನೀವು ಇರ್ತೀರಾ?"

"ಇರ್ತೀನಿ." ಅವನ ಕಿವಿ ಕೆಂಪಾಗಿತ್ತು. "ಇಷ್ಟ ಇಲ್ಲದಿದ್ರೆ ಇಲ್ಲ ಅನ್ನಿ ಅಂದ್ರಲ್ಲ... ಅದನ್ನ ಮಾತ್ರ ನನ್ನ ಕೈಲಿ ಹೇಳೋಕಾಗಲ್ಲ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ."

ಕೋಣೆಯೊಳಗೆ ಸ್ಟವ್ ಮೇಲೆ ಟೀ ಕುದಿಯುತ್ತಿತ್ತು. ಅವಳು ಕೈ ಚಾಚಿದಳು. ಅವನು ಗ್ರೀಸಿನ ಕೈ ಹಿಂದೆ ಸರಿಸಿದ. ಅವಳೇ ಎಳೆದು ಹಿಡಿದುಕೊಂಡಳು.

"ನಾಳೆ ಸೇತುವೆ ಎತ್ತಲಾ, ಬೇಡ್ವಾ?" ಎಂದು ಕೇಳಿದ ಮೆಲ್ಲಗೆ.

"ಎತ್ತಿ. ಆದ್ರೆ ನಾನು ದಾಟೋಕೆ ಮುಂಚೆ."

"ಮುಂಚೆ ಎತ್ತಿದ್ರೆ ನೀವು ಈ ಕಡೆನೇ ಉಳ್ಕೋತೀರಲ್ಲ?"

"ಹೂಂ," ಎಂದಳು ಅವಳು. "ಅದಕ್ಕೇ."