ಬೆಳ್ಳಗಾದ ನೀರು

"ಮೂಸಿ ನೋಡಿ. ಏನು ವಾಸನೆ ಬರುತ್ತೆ, ಹೇಳಿ."

ಗುರುತಿಲ್ಲದ ಯುವಕನೊಬ್ಬ ವೈನ್ ಲೋಟವನ್ನು ಮೂಗಿನ ಹತ್ತಿರಕ್ಕೇ ತಂದಾಗ ವರ್ದೆಯ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಮೀನು ಜಾರಿ ಮಂಜುಗಡ್ಡೆಯ ಮೇಲೆ ಬಿತ್ತು.

ಬೈರೂತಿಗೆ ಉತ್ತರದ ಬತ್ರೂನ್ ಬಂದರಿನ ಆ ಮೀನೂಟದ ಮನೆಗೆ ಅಡುಗೆಯವಳು ಅವಳು. ಆದರೆ ಅವಳಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ... ಹೋದ ಚಳಿಗಾಲದಲ್ಲಿ ಬಂದ ಜ್ವರ, ಮೈ ಬಿಟ್ಟು ಹೊರಡುವಾಗ ಲೋಕದ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿತ್ತು. ಈ ಗುಟ್ಟು ಗೊತ್ತಿದ್ದದ್ದು ಅವಳಿಗೆ, ಮತ್ತೆ ಅವಳು ದಿನವೂ ಮೇಣದಬತ್ತಿ ಹಚ್ಚುವ ಮಾತೆ ಮರಿಯಳಿಗೆ.

"ಚೆನ್ನಾಗಿದೆ," ಎಂದಳು.

"ಚೆನ್ನಾಗಿದೆ ಅನ್ನೋದು ಒಂದು ವಾಸನೆಯಾ?" ಅವನು ನಕ್ಕ.

ಸಿಕ್ಕಿಬಿದ್ದೆ! ಎಂದುಕೊಂಡು ಅವಳು ಲೋಟ ಕಸಿದುಕೊಂಡು ಒಂದು ಗುಟುಕು ಕುಡಿದೇಬಿಟ್ಟಳು. ನಾಲಿಗೆ ಇನ್ನೂ ಅವಳದ್ದೇ ಆಗಿತ್ತು. ಉಪ್ಪು, ಹುಳಿ, ಒಗರು ಅದಕ್ಕೆ ತಿಳಿಯುತ್ತಿದ್ದವು.

"ನಾಲಿಗೆ ಅಂಚಿಗೆ ಸೂಜಿ ಚುಚ್ಚಿದ ಹಾಗಿದೆ. ಆಮೇಲೆ ಸುಣ್ಣದ ಕಲ್ಲು ನೆಕ್ಕಿದ ಹಾಗೆ ಬಾಯಿ ಒಣಗುತ್ತೆ. ಹುರಿದ ಮೀನಿನ ಎಣ್ಣೆನ ಇದು ಕತ್ತರಿ ಹಾಕ್ದಂಗೆ ಕತ್ತರಿಸುತ್ತೆ."

ಅವನ ನಗು ನಿಂತಿತು. ವೈನನ್ನು ಹೀಗೆ ಮುಟ್ಟಿ ಹೇಳಿದವರನ್ನು ಅವನು ಕಂಡಿರಲಿಲ್ಲ.

ಅವನ ಹೆಸರು ತನ್ನೂಸ್. ಊರ ಮೇಲಿನ ಗುಡ್ಡದಲ್ಲಿ ಅಪ್ಪ ಬಿಟ್ಟುಹೋದ ದ್ರಾಕ್ಷಿ ತೋಟ ಅವನದು.

"ಯಾರೋ ಅದು, ನನ್ನ ಮೀನಿನ ಪಕ್ಕ ವೈನ್ ತಂದಿಡೋನು?" ಒಳಗಿನಿಂದ ಕೋಲು ಕುಟ್ಟುತ್ತ ಬಂದಳು ವರ್ದೆಯ ಅಜ್ಜಿ ಹಿಲಾನೆ. ಬಂದರಿಗೆಲ್ಲ ಅವಳು 'ತೇತಾ', ಅಂದರೆ ಅಜ್ಜಿ. "ಮೀನಿಗೆ ಅರಕ್, ನೀರು ಬಿದ್ರೆ ಹಾಲಾಗೋ ನಮ್ಮ ಸೋಂಪಿನ ಸಾರಾಯಿ! ವೈನ್ ಚರ್ಚಿನ ಪೂಜೆಗೆ! ನಮ್ಮಜ್ಜನ ಕಾಲದಿಂದ ಇದೇ ನಡೆದು ಬಂದಿರೋದು."

"ಮೇಲಿನ ದ್ರಾಕ್ಷಿಗೂ ಕೆಳಗಿನ ಮೀನಿಗೂ ಒಂದೇ ಸಮುದ್ರದ ಗಾಳಿ, ತೇತಾ. ಎರಡಕ್ಕೂ ಮದುವೆ ಮಾಡಿಸಿದ್ರೆ ತಪ್ಪೇನು?"

"ಮೊದ್ಲು ನಿನ್ನ ಮದುವೆ ಆಗ್ಲಿ ಕಣೋ. ಮೀನಿಂದು ಆಮೇಲೆ ನೋಡೋಣ!"

ವರ್ದೆಯ ಕೆನ್ನೆ ಯಾಕೋ ಬಿಸಿಯಾಯಿತು.

ಬೈದರೂ ಅಜ್ಜಿ ಒಪ್ಪಿದಳು. ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಬೈರೂತಿನ ಹೋಟೆಲಿನವರಿಗೆ ಇಲ್ಲಿಯೇ ಊಟ. ಒಂದೊಂದು ಮೀನಿಗೂ ಜೊತೆಯಾಗುವ ಒಂದೊಂದು ವೈನ್. ಅವರು ಮೆಚ್ಚಿ ವೈನ್ ಕೊಂಡರೆ ತೋಟ ಉಳಿಯುತ್ತಿತ್ತು. ಇಲ್ಲವಾದರೆ ಬಳ್ಳಿ ಕಿತ್ತು ನೆಲ ಮಾರುವುದೆಂದು ಅವನ ಅಣ್ಣ ಹೇಳಿಯಾಗಿತ್ತು; ಅದನ್ನು ತನ್ನೂಸ್ ಅವರಿಗೂ ತಿಳಿಸಿದ್ದ.

ಅಂದಿನಿಂದ ತನ್ನೂಸ್ ಬಾಟಲಿಗಳೊಂದಿಗೆ ಗುಡ್ಡ ಇಳಿದು ಬರತೊಡಗಿದ. ಅವಳು ಕೆಂಪು ಪುಟ್ಟ ಮೀನುಗಳನ್ನು ಗರಿಗರಿ ಹುರಿಯುವಳು, ಅವನು ವೈನ್ ಸುರಿಯುವನು. ಕೆಂಡದಲ್ಲಿ ಸುಟ್ಟ ಆಕ್ಟೋಪಸ್ ತುಂಡಿಗೆ ತಿಳಿಗೆಂಪು ವೈನು ಸರಿಹೋದ ದಿನ ಇಬ್ಬರೂ ಒಟ್ಟಿಗೆ "ಹಾಂ!" ಎಂದು ಕೂಗಿ, ಆಮೇಲೆ ಮುಖ ಮುಖ ನೋಡಿಕೊಂಡರು.

ಪ್ರೀತಿ ಹೆಚ್ಚಿದಷ್ಟೂ ಅವಳಿಗೆ ಭಯ ಹೆಚ್ಚಿತು. ಭಯಕ್ಕೆ ಬಾಗಿಲು ಬೇಕಿಲ್ಲ, ಬಿರುಕು ಸಾಕು.

'ಮೀನಿನ ಕಣ್ಣು ಸುಳ್ಳು ಹೇಳೀತು, ಕಿವಿರು ಸುಳ್ಳು ಹೇಳೀತು. ಮೂಗಿನ ಮುಂದೆ ಮಾತ್ರ ಸುಳ್ಳು ನಡೆಯಲ್ಲ' ಎಂಬುದು ಅಜ್ಜಿಯ ಮಾತು. ಮೂಗಿಲ್ಲದವಳು ಏನು ಮಾಡಬೇಕು? ದಿನವೂ ನಸುಕಿನಲ್ಲಿ, ಯಾರೂ ಕಾಣದಂತೆ, ಪ್ರತಿ ಮೀನಿನ ಚೂರನ್ನೂ ಬಂದರಿನ ಒಕ್ಕಣ್ಣಿನ ಬೆಕ್ಕಿನ ಮುಂದೆ ಇಡುತ್ತಿದ್ದಳು. ಅದು ಮೂಸಿ ತಿಂದರೆ ಮಾತ್ರ ಮೀನು ಒಲೆಗೆ. ಆದರೂ ತಟ್ಟೆ ಹೊರಗೆ ಹೋದಾಗಲೆಲ್ಲ ಕಂಬದ ಮರೆಯಲ್ಲಿ ನಿಂತು ತಿನ್ನುವವರ ಮುಖವನ್ನೇ ನೋಡುವಳು. 'ತಾಯೇ, ಯಾರಿಗೂ ಏನೂ ಆಗದಿರಲಿ...'

ಹೇಳಿಬಿಟ್ಟರೆ? ಅಡುಗೆಮನೆ ಹೋಗುತ್ತದೆ. ಅವನೂ ಹೋಗುತ್ತಾನೆ. ವಾಸನೆಯೇ ಬದುಕಾಗಿರುವವನಿಗೆ ಮೂಗಿಲ್ಲದ ಹೆಣ್ಣು ಯಾಕೆ ಬೇಕು?

ಆ ಭಾನುವಾರ ಬಂದೇ ಬಂತು. ಚರ್ಚಿನ ಗಂಟೆ ನಿಂತ ಹೊತ್ತಿಗೆ ಅತಿಥಿಗಳು ಮೇಜಿನ ಸುತ್ತ ಕುಳಿತಿದ್ದರು.

ವರ್ದೆ ಲೋಟಗಳನ್ನು ಇನ್ನೊಮ್ಮೆ ತೊಳೆದರೆ ಅವನ ವೈನಿಗೆ ಮರ್ಯಾದೆ ಎಂದುಕೊಂಡಳು. ಕಿಟಕಿಯಲ್ಲಿ ಗಾಜಿನ ಹೂಜಿಯ ತುಂಬ ತಿಳಿನೀರು ಇತ್ತು. ಅದರಲ್ಲೇ ಬಟ್ಟೆ ಅದ್ದಿ ಒಂದೊಂದನ್ನೂ ಥಳಥಳ ಒರೆಸಿದಳು. ಬೆರಳು ತಣ್ಣಗೆ ಜುಮ್ಮೆಂದಿತು. ಸಮುದ್ರದ ಗಾಳಿ ಎಂದುಕೊಂಡಳು.

ಹುರಿದ ಮೀನು ಹೋಯಿತು. ತನ್ನೂಸ್ ವೈನ್ ಸುರಿದ. ಹಿರಿಯ ಅತಿಥಿ ಲೋಟ ಮೂಸಿ ಹುಬ್ಬು ಗಂಟಿಕ್ಕಿದ.

"ಇದೇನಪ್ಪಾ... ವೈನೋ, ಅರಕೋ?"

ತನ್ನೂಸ್ ತನ್ನ ಲೋಟ ಮೂಸಿದ. ಮುಖ ಬಿಳಚಿಕೊಂಡಿತು. ಸೋಂಪು! ಅರಕಿನ ಸೋಂಪು! ಪ್ರತಿ ಲೋಟದಲ್ಲೂ!

ಅವನು ನೇರ ಅಡುಗೆಮನೆಗೆ ಬಂದ. "ಲೋಟ ತೊಳೆದವರು ಯಾರು?"

"ನಾನೇ... ಯಾಕೆ?"

"ಯಾಕೆ ಅಂತ ಕೇಳ್ತೀಯಾ? ಅರಕ್ ಸವರಿದ ಲೋಟದಲ್ಲಿ ಯಾವ ವೈನ್ ಉಳಿಯುತ್ತೆ, ವರ್ದೆ? ಮೀನಿಗೆ ಅರಕೇ ಅಂತ ಗೆಲ್ಲಬೇಕಿತ್ತಾ ನಿಮಗೆ? ಮುಖಕ್ಕೇ ಹೇಳಿದ್ರೆ ನಾನೇ ಹೋಗ್ತಿದ್ದೆ..."

ಅವನು ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟೇಹೋದ.

ಅರಕ್? ಎಲ್ಲಿಯ ಅರಕ್?

ವರ್ದೆ ಹೂಜಿ ಎತ್ತಿ ಮೂಗಿಗೆ ಹಿಡಿದಳು. ಏನೂ ಇಲ್ಲ. ಬಾನಿಯಿಂದ ಒಂದು ಬೊಗಸೆ ನೀರು ತೆಗೆದು ಹೂಜಿಗೆ ಸುರಿದಳು.

ತಿಳಿನೀರು ಕಣ್ಣೆದುರೇ ಹಾಲಿನಂತೆ ಬೆಳ್ಳಗಾಯಿತು.

ಊಟದ ಕೊನೆಗೆ ಕುಡಿಯಲೆಂದು ಅಜ್ಜಿ ಜಾಡಿಯಿಂದ ಇಳಿಸಿಟ್ಟ ಹೊಸ ಅರಕ್!

ಈಗ ಸುಮ್ಮನಿದ್ದರೆ ಗುಟ್ಟು ಉಳಿಯುತ್ತದೆ. ಅಡುಗೆಮನೆಯೂ ಉಳಿಯುತ್ತದೆ. ಅವನ ತೋಟ...? ಮಾತೆಯ ಮುಂದೆ ಉರಿಯುತ್ತಿದ್ದ ಮೇಣದಬತ್ತಿಯ ಕಡೆ ನೋಡಿದಳು. ಬೆಂಕಿಯ ಕುಡಿ ಗಾಳಿಗೆ ನಡುಗುತ್ತಿತ್ತು, ಆರಿರಲಿಲ್ಲ.

ವರ್ದೆ ಹೂಜಿ ಅಪ್ಪಿಕೊಂಡು ಓಡಿದಳು. ಅಜ್ಜಿಯ ಮುಂದೆ, ಅತಿಥಿಗಳ ಮುಂದೆ, ಬಂದರಿನ ಬಲೆಗಳನ್ನು ದಾಟಿ!

"ತನ್ನೂಸ್! ನಿಲ್ಲು!"

ಅವನು ಗಾಡಿಯ ಬಾಗಿಲಿನ ಮೇಲೆ ಕೈಯಿಟ್ಟು ತಿರುಗಿದ.

"ಇದು ನೀರು ಅಂತಲೇ ತಿಳಿದಿದ್ದೆ."

"ನೀರಾ? ಇದರ ವಾಸನೆ ಬೀದಿ ಕೊನೆವರೆಗೂ ಬರ್ತಿದೆ!"

"ನನಗೆ ಬರ್ತಿಲ್ಲ."

ಅವನು ಬಾಗಿಲು ಬಿಟ್ಟು ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ.

"ಯಾವ ವಾಸನೆಯೂ ಬರಲ್ಲ, ತನ್ನೂಸ್. ಆ ಜ್ವರ ಬಂದಾಗಿನಿಂದ ಮೀನಿಲ್ಲ, ಹೂವಿಲ್ಲ... ನಿನ್ನ ವೈನೂ ಇಲ್ಲ. ಭಯ ಆಯ್ತು, ಹೇಳಲಿಲ್ಲ. ದಿನಾ ಬೆಕ್ಕಿಗೆ ಮೂಸೋಕೆ ಕೊಟ್ಟು ಅಡುಗೆ ಮಾಡ್ತಿದ್ದೆ..." ಮಾತು ಅಳುವಿನಲ್ಲಿ ಮುಳುಗಿತು.

ಹಿಂದೆ ಅಜ್ಜಿ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು.

"ಸೌಟು ಕೊಡು," ಎಂದಳು.

ಸೊಂಟದ ಪಟ್ಟಿಯಲ್ಲಿದ್ದ ಸೌಟನ್ನು ವರ್ದೆ ತಲೆ ತಗ್ಗಿಸಿ ಕೊಟ್ಟಳು. ಮುಗಿಯಿತು...

"ಊರಿನ ಹೊಟ್ಟೆ ಕಾಯೋ ಕೆಲಸ ಇದು. ಮೀನು ಮೂಸೋಕೆ ಒಂದು ಮೂಗು ಸಿಗೋವರೆಗೂ ಸೌಟು ನನ್ನ ಹತ್ರ ಇರುತ್ತೆ." ಅಜ್ಜಿಯ ದನಿ ಒಡೆಯಿತು. "ನಂಗೂ ಹೇಳ್ಬಾರ್ದಿತ್ತೇನೇ, ಮಗಳೇ? ಜ್ವರದಲ್ಲಿ ಪಕ್ಕ ಮಲಗಿದ್ದೋಳು ನಾನಲ್ವಾ?"

ತನ್ನೂಸ್ ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿ ಒಳನಡೆದ. ತನ್ನ ಕೈಯಾರೆ ಹೊಸ ಲೋಟಗಳನ್ನು ಬಾನಿಯ ನೀರಿನಲ್ಲಿ ತೊಳೆದ. ಉಳಿದ ಪ್ರತಿ ಮೀನಿನ ಕಿವಿರು ಬಿಡಿಸಿ ಮೂಸಿದ. ಆಮೇಲೆ ಅತಿಥಿಗಳ ಮುಂದೆ ನಿಂತ.

"ತಪ್ಪಾಯ್ತು, ಕ್ಷಮಿಸಿ. ಈ ವೈನಿನ ಮಾತು ನಾನು ಹೇಳಲ್ಲ, ಇವಳು ಹೇಳ್ತಾಳೆ."

ವರ್ದೆ ಲೋಟ ಎತ್ತಿಕೊಂಡಳು. ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಿಗೆ ಕಂಡದ್ದನ್ನು ಮಾತ್ರ ಹೇಳಿದಳು. ಸೂಜಿ, ಸುಣ್ಣದ ಕಲ್ಲು, ಎಣ್ಣೆಯನ್ನು ಕತ್ತರಿಸುವ ಕತ್ತರಿ. ಹಿರಿಯ ಅತಿಥಿ ಮೀನು ಮುರಿದು ಬಾಯಿಗಿಟ್ಟ, ವೈನ್ ಕುಡಿದ. ಇನ್ನೊಂದು ಮೀನಿಗೆ ಕೈ ಹಾಕಿದ.

"ಬಳ್ಳಿ ಕೀಳ್ಬೇಡಪ್ಪಾ, ಈ ವೈನ್ ನಮಗೆ ಬೇಕು," ಎಂದ ಬಾಯಿ ತುಂಬಿಕೊಂಡೇ.

ಸಂಜೆ, ದೋಣಿಗಳು ಮರಳುವ ಹೊತ್ತಿಗೆ, ಇಬ್ಬರೂ ಬಂದರಿನ ಕಲ್ಲಿನ ಮೇಲೆ ಕುಳಿತಿದ್ದರು. ಒಕ್ಕಣ್ಣಿನ ಬೆಕ್ಕು ಅವಳ ಕಾಲಿಗೆ ಮೈ ಉಜ್ಜುತ್ತಿತ್ತು.

"ನಿನ್ನ ಮೇಲೆ ಸಂಶಯಪಟ್ಟೆ..." ಎಂದ ತನ್ನೂಸ್.

"ನಾನು ನಿನ್ನ ಪ್ರೀತಿ ಮೇಲೇ ಸಂಶಯಪಟ್ಟಿದ್ದೆ. ಲೆಕ್ಕ ಸರಿಹೋಯ್ತು." ಅವಳು ಕಣ್ಣೊರೆಸಿಕೊಂಡಳು. "ವಾಸನೆ ವಾಪಸ್ ಬರದೇ ಇದ್ರೆ?"

"ಈಗ ಸಮುದ್ರ ಪಾಚಿ ವಾಸನೆ ಬರ್ತಿದೆ. ಯಾರೋ ಈರುಳ್ಳಿ ಹುರೀತಿದಾರೆ. ನಿನ್ನ ಕೂದಲಲ್ಲಿ ಹೊಗೆ, ನಿಂಬೆ... ದಿನಾ ಹೇಳ್ತೀನಿ. ಸಾಕಾ?"

"ಭಯ ಇನ್ನೂ ಹೋಗಿಲ್ಲ ಕಣೋ."

"ಇರ್ಲಿ ಬಿಡು. ಅದಕ್ಕೂ ಪಕ್ಕದಲ್ಲೇ ಜಾಗ ಕೊಡೋಣ." ಅವನು ಅವಳ ಕೈ ಹಿಡಿದ. "ಒಂದು ಕೇಳ್ಲಾ? ಬೆಳಬೆಳಿಗ್ಗೆ ಆ ಬೆಕ್ಕು ಮಾಡ್ತಿತ್ತಲ್ಲ... ಆ ಕೆಲಸ ನನಗೆ ಕೊಡ್ತೀಯಾ?"

ವರ್ದೆ ಬೆಕ್ಕನ್ನು ನೋಡಿದಳು, ಅವನನ್ನು ನೋಡಿದಳು.

"ಅದಕ್ಕೆ ಸಂಬಳ ಇಲ್ಲ. ಒಂದು ಚೂರು ಮೀನು ಅಷ್ಟೇ."

"ಎಷ್ಟು ದಿನ?"

"ಸಾಯೋವರೆಗೂ!"